ಎಲ್ಲಿ ಇಳದ್ರಿ?

ಕಳೆದ ಶ್ರಾವಣದಲ್ಲಿ ಒಂದು ಕಾಲೇಜಿನವರು ಕಥಾ ಕಮ್ಮಟಕ್ಕೆ ಕರೆದಿದ್ದರು. ಬೆಳಗಿನಿಂದ ಹುಡುಗ ಹುಡುಗಿಯರು ಒಬ್ಬರಾದ ಮೇಲೊಬ್ಬರು ಎದ್ದು ಕಥೆ ಓದಿದರು. ಎಲ್ಲರ ಕಥೆಗೂ ಚಪ್ಪಾಳೆ ಬಿತ್ತು. ಗೋಷ್ಠಿಯ ಅಧ್ಯಕ್ಷರು ಎಲ್ಲರಿಗೂ ಉಜ್ವಲ ಭವಿಷ್ಯವಿದೆ ಎಂದರು, ಪ್ರಮಾಣಪತ್ರ ಹಂಚಿದರು, ಫೋಟೊ ತೆಗೆಸಿಕೊಂಡರು. ಊಟದ ಹೊತ್ತಿಗೆ ಬಿ.ಎಡ್. ಓದುತ್ತಿರುವ ಹುಡುಗಿಯೊಬ್ಬಳು ತಾಟು ಹಿಡಿದುಕೊಂಡು ನನ್ನ ಪಕ್ಕಕ್ಕೆ ಬಂದು ಕೂತಳು. ‘ಸರ್, ಎಲ್ಲಾರೂ ಚಲೋ ಐತಿ ಅಂದ್ರು. ಚಲೋ ಇಲ್ಲದ್ದು ಎಲ್ಲೈತಿ ಅಂತ ಯಾರೂ ಹೇಳವಲ್ರು. ನೀವರ ಹೇಳ್ರಿ’ ಅಂದಳು. ದನಿಯಲ್ಲಿ ಸಿಟ್ಟಿತ್ತು. ಆ ಸಿಟ್ಟು ನನಗೆ ಬಹಳ ಇಷ್ಟವಾಯಿತು.

ಊಟ ಮುಗಿಸಿ ಅವಳ ಕಥೆಯನ್ನು ಕೈಗೆ ತೆಗೆದುಕೊಂಡು ಇನ್ನೊಮ್ಮೆ ಓದಿದೆ. ‘ಮೂರನೇ ಪುಟದಾಗ ನಾ ಇಳದೆ ನೋಡವಾ’ ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಆಗುವುದಾದರೂ ಹೇಗೆ? ಅದು ನಲವತ್ತು ವರ್ಷಗಳ ಹಿಂದೆ ಒಂದು ವಾಚನಾಲಯದ ಮಾಳಿಗೆಯಲ್ಲಿ ಹುಟ್ಟಿ, ಅಲ್ಲಿ ಕೂಡುತ್ತಿದ್ದ ಕೆಲವೇ ಜನರ ಬಾಯಲ್ಲಿ ಬಳಕೆಯಾಗಿ, ಅವರೊಂದಿಗೆ ಮರೆಯಾದ ಮಾತು. ಇಷ್ಟು ವರ್ಷ ನಾನೂ ಅದನ್ನು ಆಡಿರಲಿಲ್ಲ. ಆ ಹುಡುಗಿಯ ಸಿಟ್ಟು ಅದನ್ನು ಹೊರಗೆ ತೆಗೆಯಿತು. ಊರಿಗೆ ಮರಳುವ ಬಸ್ಸಿನಲ್ಲಿ ಆ ಮಾಳಿಗೆಯ ಒಬ್ಬೊಬ್ಬರೂ ನೆನಪಿಗೆ ಬರುತ್ತ ಹೋದರು.

ಅದು ಧಾರವಾಡದಿಂದ ಎರಡು ತಾಸಿನ ದಾರಿಯ, ಹತ್ತಿ ಮತ್ತು ಶೇಂಗಾ ಪೇಟೆಯ ಊರು. ಬಜಾರದ ನಡುವೆ ಮುನಸಿಪಾಲಿಟಿಯ ವಾಚನಾಲಯ. ಕೆಳಗೆ ಪೇಪರು ಓದುವವರ ಬಾಕುಗಳು, ಮೇಲೆ ಹಳೆಯ ಪುಸ್ತಕಗಳ ಟ್ರಂಕುಗಳನ್ನು ಒಟ್ಟಿದ ಮಾಳಿಗೆ. 1980ರ ದಶಕದ ಮೊದಲ ವರ್ಷಗಳವು. ನಾನು ಬಿ.ಎ. ಮುಗಿಸಿ ಅಲ್ಲಿನ ಸಹಕಾರಿ ಬ್ಯಾಂಕೊಂದರಲ್ಲಿ ಕಾರಕೂನನಾಗಿದ್ದೆ. ರವಿವಾರ ಮಧ್ಯಾಹ್ನ ಆ ಮಾಳಿಗೆಯಲ್ಲಿ ಬರೆಯುವವರು ಕೂಡುತ್ತಾರೆಂದು ಗೊತ್ತಾಗಿ ಹೋದೆ. ನಿವೃತ್ತರಾದ ಕನ್ನಡ ಮಾಸ್ತರರು, ಅಡತಿ ಅಂಗಡಿಯೊಂದರ ದಿವಾನಜಿ, ಅಂಚೆ ಕಚೇರಿಯವರೊಬ್ಬರು, ಪ್ರಾಥಮಿಕ ಶಾಲೆಯ ಅಕ್ಕೋರು, ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದ ಹುಡುಗ, ಆಮೇಲೆ ಸರ್ಕಾರಿ ಬಸ್ಸಿನ ಒಬ್ಬ ಕಂಡಕ್ಟರ್. ಬರುವವರು ಹೋಗುವವರು ಬೇರೆ. ಯಾರ ಪುಸ್ತಕವೂ ಅಚ್ಚಾಗಿರಲಿಲ್ಲ. ಪತ್ರಿಕೆಗೆ ಕಳಿಸಿದ್ದು ನಾವೇ ಅಂಚೆಚೀಟಿ ಹಚ್ಚಿ ಜೊತೆಗಿಟ್ಟ ಲಕೋಟೆಯಲ್ಲಿ ವಿಷಾದದ ಚೀಟಿಯೊಂದಿಗೆ ಮರಳಿ ಬರುತ್ತಿತ್ತು. ಆ ಚೀಟಿಯಲ್ಲಿ ಕಾರಣ ಇರುತ್ತಿರಲಿಲ್ಲ. ಕಾರಣ ತಿಳಿಯಬೇಕೆಂದರೆ ಮಾಳಿಗೆ ಹತ್ತಬೇಕಿತ್ತು.

ನಮ್ಮ ಕಡೆ ಹೀಗೆ ಕೂಡಿ ಓದಿ ತಿದ್ದಿಕೊಳ್ಳುವುದು ಹಳೆಯ ರೂಢಿ. ಬೇಂದ್ರೆಯವರ ಗೆಳೆಯರ ಗುಂಪು ಧಾರವಾಡದಲ್ಲಿ ಶುರುವಾದದ್ದು 1922ರಲ್ಲಿ. ಶಂಬಾ ಜೋಶಿ, ಗೋಕಾಕ, ಮುಗಳಿ, ಬೆಟಗೇರಿ ಕೃಷ್ಣಶರ್ಮ ಮೊದಲಾದವರು ಅಲ್ಲಿ ಪರಸ್ಪರ ಕೇಳಿಸಿಕೊಂಡು ಬೆಳೆದರು. ವಿಜಾಪುರ ಸೀಮೆಯ ಹಲಸಂಗಿಯಂಥ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಒಟ್ಟಾಗಿ ಕೆಲಸ ಮಾಡಿದರು. ಅವರು ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಬಂತು. ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆಯ ಅಟ್ಟವಂತೂ ಕನ್ನಡ ಓದುಗರಿಗೆಲ್ಲ ಗೊತ್ತು. ನಮ್ಮ ಮಾಸ್ತರರು ವಿದ್ಯಾರ್ಥಿಯಾಗಿದ್ದಾಗ ಸುಭಾಸ ರಸ್ತೆಯ ಆ ಅಟ್ಟ ಹತ್ತಿ, ಮೂಲೆಯಲ್ಲಿ ಕೂತು, ಹಿರಿಯರ ಮಾತು ಕೇಳಿ ಬಂದವರು. ಕೀರ್ತಿನಾಥ ಕುರ್ತಕೋಟಿಯವರ ಹೆಸರು ಹೇಳುವಾಗ ಅವರ ದನಿಯೇ ಬದಲಾಗುತ್ತಿತ್ತು. ಕನ್ನಡದಲ್ಲಿ ಹೇಳಿಕೊಳ್ಳುವಂಥ ಐತಿಹಾಸಿಕ ನಾಟಕಗಳಿಲ್ಲ ಎಂಬ ಕುರ್ತಕೋಟಿಯವರ ಮಾತು ಗಿರೀಶ ಕಾರ್ನಾಡರನ್ನು ಇತಿಹಾಸದ ಕಡೆ ಹೊರಳಿಸಿತು, 1964ರಲ್ಲಿ ‘ತುಘಲಕ್’ ಬಂತು. ಕಾರ್ನಾಡರೇ ಹೇಳಿಕೊಂಡಿರುವ ಸಂಗತಿ ಇದು. ‘ನೋಡ್ರಿ, ಒಂದು ಟೀಕಾದಿಂದ ಒಂದು ನಾಟಕ ಹುಟ್ಟತದ’ ಎಂದು ಮಾಸ್ತರರು ಮತ್ತೆ ಮತ್ತೆ ಹೇಳುತ್ತಿದ್ದರು. ಅಂಚೆಯವರು ಅದಕ್ಕೆ ಜೋಡಿಯಾಗಿ ಮೈಸೂರಿನ ಕಥೆ ತೆಗೆಯುತ್ತಿದ್ದರು. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಪುಟ್ಟಪ್ಪ 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸರಿಗೆ ಅವನ್ನು ತೋರಿಸಿದ್ದು, ನಿನ್ನ ಭಾಷೆಯಲ್ಲಿ ಬರೆ ಎಂದು ಅವರು ಹೇಳಿದ್ದು, ಆ ಮಾತು ಕುವೆಂಪು ಅವರನ್ನು ಕನ್ನಡಕ್ಕೆ ತಿರುಗಿಸಿದ್ದು.

ಇಂಥ ದೊಡ್ಡವರ ಕಥೆ ಕೇಳಿ ನಮಗೆ ಹುರುಪು ಬರುತ್ತಿತ್ತು. ಆದರೆ ನಮ್ಮನ್ನು ನಿಜವಾಗಿ ತಿದ್ದಿದ್ದು ಕಂಡಕ್ಟರ್.

ಅವರಿಗೆ ಬರೆಯುವ ಹಂಬಲ ಇರಲಿಲ್ಲ. ಕೇಳುವ ಹಂಬಲ. ರವಿವಾರ ಪಾಳಿ ಇಲ್ಲದಾಗ ಖಾಕಿ ಬಿಟ್ಟು ಬಿಳಿ ಪಾಯಿಜಾಮ ಹಾಕಿಕೊಂಡು ಬಂದು ಗೋಡೆಗೊರಗಿ ಕೂಡುತ್ತಿದ್ದರು. ಮೊದಮೊದಲು ಅಭಿಪ್ರಾಯ ಕೇಳಿದರೆ ‘ನಾವೇನ ಹೇಳೂಣ್ರಿ, ಓದಿದವರು ನೀವು’ ಎನ್ನುತ್ತಿದ್ದರು. ಒಂದು ದಿನ ಅಂಚೆಯವರು ಒಂದು ಉದ್ದ ಕಥೆ ಓದಿ ಮುಗಿಸಿ, ಒತ್ತಾಯ ಮಾಡಿ ಕೇಳಿದಾಗ ಅವರು ಅಂದರು: ‘ಸಿಟ್ಟಾಗಬ್ಯಾಡ್ರಿ. ಆ ಮುದುಕ ಕೆರಿ ದಂಡಿಗೆ ಕುಂತು ವಿಚಾರ ಮಾಡಾಕ ಹತ್ತಿದ ನೋಡ್ರಿ, ಅಲ್ಲಿ ನಾ ಇಳದ ಬಿಟ್ಟೆ. ಗಾಡಿ ಮುಂದ ಹೋತು, ನಾ ಒಳಗ ಇರಲಿಲ್ಲ.’

ಎಲ್ಲರೂ ಸುಮ್ಮನಾದರು. ಅಂಚೆಯವರು ಹಸ್ತಪ್ರತಿ ತಿರುವಿ ಆ ಜಾಗ ಹುಡುಕಿದರು. ಮುದುಕ ಕೆರೆಯ ದಂಡೆಗೆ ಕೂತಮೇಲೆ ಎರಡು ಪುಟ ಬರೀ ಜೀವನದ ನಶ್ವರತೆಯ ಮಾತಿತ್ತು. ಅದೇ ಜಾಗದಲ್ಲಿ ನಮ್ಮಲ್ಲಿ ಬಹಳ ಜನ ಇಳಿದಿದ್ದೆವು, ಹೇಳಿರಲಿಲ್ಲ ಅಷ್ಟೆ. ಅವತ್ತಿನಿಂದ ನಮ್ಮ ಮಾಳಿಗೆಯಲ್ಲಿ ಕಥೆ ಮುಗಿದ ಮೇಲೆ ಕೇಳುವ ಮೊದಲ ಪ್ರಶ್ನೆ ಅದೇ ಆಯಿತು: ‘ಎಲ್ಲಿ ಇಳದ್ರಿ?’

ಈ ಪ್ರಶ್ನೆ ಎಷ್ಟು ಒಳ್ಳೆಯದೆಂದು ನನಗೆ ಅರ್ಥವಾದದ್ದು ಬಹಳ ತಡವಾಗಿ. ಕಥೆ ಚೆನ್ನಾಗಿದೆಯೇ ಎಂದು ಕೇಳಿದರೆ ಕೇಳುಗ ನ್ಯಾಯಾಧೀಶನಾಗುತ್ತಾನೆ. ಎಲ್ಲಿ ಇಳಿದಿರಿ ಎಂದು ಕೇಳಿದರೆ ತನಗೆ ಆದದ್ದನ್ನು ಮಾತ್ರ ಹೇಳುತ್ತಾನೆ. ಅದನ್ನು ಅಲ್ಲಗಳೆಯಲು ಬರೆದವನಿಂದ ಆಗದು. ಇಳಿದದ್ದು ಇಳಿದದ್ದೇ. ಅದಕ್ಕೆ ಛಂದಸ್ಸು ಬೇಕಿಲ್ಲ, ಪದವಿ ಬೇಕಿಲ್ಲ. ಯಾರು ಬೇಕಾದರೂ ಹೇಳಬಹುದು, ಯಾರಿಗೂ ಅವಮಾನವಿಲ್ಲ.

ಉಳಿದ ಕಟ್ಟಳೆಗಳು ಒಂದೊಂದಾಗಿ ತಾವೇ ಬಂದವು. ಓದಿದವರು ಆಮೇಲೆ ಬಾಯಿ ಬಿಡಬಾರದು. ಇದು ಎಲ್ಲರಿಗೂ ಕಷ್ಟದ ಕಟ್ಟಳೆ. ‘ಹಂಗಲ್ರಿ, ನಾ ಹೇಳಬೇಕಂದದ್ದು ಏನಂದ್ರ’ ಎಂದು ಶುರು ಮಾಡಿದರೆ ಕೇಳುಗರು ಕಥೆಯನ್ನು ಬಿಟ್ಟು ಆ ವಿವರಣೆಗೆ ಅಭಿಪ್ರಾಯ ಹೇಳತೊಡಗುತ್ತಾರೆ. ಪತ್ರಿಕೆ ಓದುವವನ ಮನೆಗೆ ನಾವು ಹೋಗಿ ವಿವರಣೆ ಕೊಡಲು ಆಗುವುದಿಲ್ಲ, ಕಾಗದ ಒಂಟಿಯಾಗಿಯೇ ಹೋಗಬೇಕು. ಇನ್ನೊಂದು, ‘ಚಲೋ ಐತಿ’ ಅಂದವರು ಚಲೋ ಇರುವ ಸಾಲನ್ನು ತೋರಿಸಬೇಕು. ಹೊಗಳಿಕೆಗೂ ಸಾಕ್ಷಿ ಬೇಕು ಎಂದಾದ ಮೇಲೆ ಹೊಗಳಿಕೆಗೆ ಬೆಲೆ ಬಂತು. ಒಂದು ಕವಿತೆಯಲ್ಲಿ ಒಂದೇ ಸಾಲು ತೋರಿಸಿ ‘ಇದು ನಿನ್ನದು’ ಅಂದರೆ ಹಾಸ್ಟೆಲ್ ಹುಡುಗ ವಾರವಿಡೀ ಆ ಸಾಲಿನ ಬಲದ ಮೇಲೆ ಬದುಕುತ್ತಿದ್ದ.

ಎಲ್ಲಕ್ಕಿಂತ ಮುಖ್ಯವಾದದ್ದು ಮರುಓದು. ತಿದ್ದಿ ತಂದ ಬರಹವನ್ನು ಮತ್ತೆ ಓದಬೇಕು, ಹಿಂದಿನ ಸಲ ಟೀಕೆ ಮಾಡಿದವರು ಆ ದಿನ ತಪ್ಪದೆ ಬಂದು ಕೇಳಬೇಕು. ಮತ್ತೊಮ್ಮೆ ಕೇಳುವ ಹೊಣೆ ಇದ್ದರೆ ಮನುಷ್ಯ ನೋಡಿಕೊಂಡು ಮಾತಾಡುತ್ತಾನೆ. ಇಷ್ಟು ವರ್ಷ ಬರೆದು, ಬೇರೆಯವರದನ್ನು ಓದಿ, ನನಗೆ ಖಚಿತವಾಗಿರುವುದು ಇದು: ಎರಡನೆಯ ಸಲ ಓದಲು ಸಿದ್ಧನಿರುವವನ ಮಾತನ್ನೇ ಬರೆಯುವವನು ಮನಸ್ಸಿಗೆ ಹಚ್ಚಿಕೊಳ್ಳಬೇಕು. ಉಳಿದವರದು ಬರೀ ಅಭಿಪ್ರಾಯ. ಕೇಳಿ ಬಿಡಬಹುದು.

ನನ್ನ ಮೊದಲ ಕಥೆ ಬರಗಾಲದ್ದು. ಅಪ್ಪ ಎತ್ತು ಮಾರಿ ಬಂದ ದಿನದ ಕಥೆ. ನಮ್ಮ ಮನೆಯಲ್ಲಿ ನಡೆದದ್ದೇ. ಕಂಡಕ್ಟರ್ ಕೇಳಿದರು, ‘ಎತ್ತು ಬರೋದು ಎಷ್ಟನೇ ಪುಟದಾಗ?’ ಮೂರನೆಯದರಲ್ಲಿ. ‘ಅಲ್ಲಿತನಾ ಸೂರ್ಯಾ ಹುಟ್ಟಾಕ ಹತ್ಯಾನ?’ ಆಗಿನ ಕಥೆಗಳೆಲ್ಲ ಸೂರ್ಯೋದಯದಿಂದಲೇ ಶುರುವಾಗುತ್ತಿದ್ದವು, ನಾನೂ ಹಾಗೆ ಶುರು ಮಾಡಿದ್ದೆ. ಅದನ್ನು ತೆಗೆಯುವುದು ಸುಲಭವಿತ್ತು. ಆದರೆ ಅಕ್ಕೋರು ಕೇಳಿದ ಪ್ರಶ್ನೆ ಸುಲಭದ್ದಾಗಿರಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ತಮ್ಮಾ, ಎತ್ತು ಮಾರಿದ ರಾತ್ರಿ ನಿಮ್ಮವ್ವ ಏನ ಮಾಡತಿದ್ಲು?’ ಅಂದರು.

ಕಥೆಯಲ್ಲಿ ಅವ್ವ ಇರಲೇ ಇಲ್ಲ. ಆ ರಾತ್ರಿ ಅವ್ವ ಎದ್ದು ಕಂದೀಲು ಹಚ್ಚಿಕೊಂಡು ಖಾಲಿ ಗ್ವಾದಲಿಗೆ ಮೇವು ಹಾಕಿ ಬಂದಿದ್ದಳು. ರೂಢಿಯ ಕೈ. ಹಾಕಿದ ಮೇಲೆ ಗೊತ್ತಾಗಿ ಅಲ್ಲೇ ಕೂತಿದ್ದಳು. ಅದನ್ನು ನಾನು ಕಣ್ಣಾರೆ ನೋಡಿದ್ದೆ. ಕಥೆಗೆ ಬೇಕಾದದ್ದು ಎಂದು ನನಗೆ ಹೊಳೆದಿರಲಿಲ್ಲ, ಏಕೆಂದರೆ ನಾನು ಓದಿದ ಕಥೆಗಳಲ್ಲಿ ಎತ್ತಿನ ದುಃಖ ಗಂಡಸರದಾಗಿತ್ತು. ಅಕ್ಕೋರು ಕಥೆ ಹೀಗೆ ಬರೆ, ಹಾಗೆ ಬರೆ ಎಂದು ಹೇಳಲಿಲ್ಲ. ಒಂದು ಪ್ರಶ್ನೆ ಕೇಳಿದರು, ಅದಕ್ಕೆ ಉತ್ತರ ನನ್ನೊಬ್ಬನಲ್ಲೇ ಇತ್ತು. ಮುಂದೆ ಆ ಕಥೆ ಒಂದು ವಾರಪತ್ರಿಕೆಯಲ್ಲಿ ಬಂತು. ಓದಿದವರೆಲ್ಲ ನೆನಪಿಟ್ಟುಕೊಂಡದ್ದು ಆ ಗ್ವಾದಲಿಯನ್ನೇ.

ದಿವಾನಜಿಯವರ ರೀತಿ ಬೇರೆ. ಅವರು ಸಾಹಿತ್ಯದ ಮಾತಿಗೆ ಬರುತ್ತಿರಲಿಲ್ಲ, ಲೆಕ್ಕ ನೋಡುತ್ತಿದ್ದರು. ಒಬ್ಬರು ಬರೆದ ಕಥೆಯಲ್ಲಿ ರೈತನೊಬ್ಬ ಆಷಾಢದಲ್ಲಿ ಹೊಸ ಹತ್ತಿಯ ಅಂಡಿಗೆ ಹೇರಿಕೊಂಡು ಪೇಟೆಗೆ ಬರುತ್ತಾನೆ. ‘ಆಷಾಢದಾಗ ಹೊಸಾ ಹತ್ತಿ ಎಲ್ಲಿ ಬರತೈತ್ರಿ? ಜಯಧರ ಬಿತ್ತೋದ ಶ್ರಾವಣ ಭಾದ್ರಪದದಾಗ, ಬಿಡಸೋದು ಶಿವರಾತ್ರಿ ಮುಂದ ಹಿಂದ’ ಅಂದರು. ಬರೆದವರಿಗೆ ಇದು ಕ್ಷುಲ್ಲಕ ಎನಿಸಿತು. ಆದರೆ ಕಥೆಯನ್ನು ಚೈತ್ರಕ್ಕೆ ಸರಿಸಿದ ಕೂಡಲೇ ಅದು ಲಗ್ನಸರಾಯಿಯ ಕಾಲವಾಯಿತು. ಹತ್ತಿ ಮಾರಿದ ರೊಕ್ಕ ಮಗಳ ಲಗ್ನಕ್ಕೋ ಸಾಲಕ್ಕೋ ಎಂಬ ಇಕ್ಕಟ್ಟು ತಾನಾಗಿ ಒಳಗೆ ಬಂತು. ಆಷಾಢದಲ್ಲಿ ಲಗ್ನವೇ ಇಲ್ಲವಲ್ಲ. ಒಂದು ಸಣ್ಣ ತಪ್ಪನ್ನು ಸರಿಪಡಿಸಲು ಹೋಗಿ ಕಥೆಗೆ ಜೀವ ಬಂದದ್ದನ್ನು ನಾವೆಲ್ಲ ನೋಡಿದೆವು.

ನಾವು ಒಂದು ಕೈಬರಹದ ಪತ್ರಿಕೆಯನ್ನೂ ನಡೆಸುತ್ತಿದ್ದೆವು. ಒಂದೇ ಪ್ರತಿ. ಫೂಲಸ್ಕ್ಯಾಪ್ ಹಾಳೆಯ ಮೇಲೆ ಅಂಚೆಯವರ ದುಂಡು ಅಕ್ಷರ, ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು ಬರೆದ ಮುಖಚಿತ್ರ. ಮನೆಯಿಂದ ಮನೆಗೆ ಹೋಗಿ ಬರಲು ಒಂದು ತಿಂಗಳಿಗೂ ಮೇಲೆ ಹಿಡಿಯುತ್ತಿತ್ತು. ಕೊನೆಗೆ ಓದುಗರ ಅಭಿಪ್ರಾಯಕ್ಕೆಂದು ಖಾಲಿ ಪುಟ ಬಿಟ್ಟಿರುತ್ತಿದ್ದೆವು. ಕೆಲವು ಸಂಚಿಕೆಗಳು ಈಗಲೂ ನನ್ನ ಕಪಾಟಿನಲ್ಲಿವೆ. ಅವುಗಳ ಹಿಂದಿನ ಪುಟಗಳು ಮುಂದಿನ ಪುಟಗಳಿಗಿಂತ ಚೆನ್ನಾಗಿವೆ. ವಕೀಲರೊಬ್ಬರು ಹಸಿರು ಮಸಿಯಲ್ಲಿ ಬರೆದದ್ದು, ಯಾರದೋ ಮನೆಯ ಅಜ್ಜಿ ಹೇಳಿ ಬರೆಸಿದ್ದು, ಹಿಂದಿನವರ ಅಭಿಪ್ರಾಯವನ್ನು ಒಪ್ಪದೆ ಅದರ ಕೆಳಗೇ ಜಗಳ ತೆಗೆದದ್ದು. ಹೊಗಳಿಕೆಯೂ ಸಾಕಷ್ಟಿದೆ. ಆದರೆ ಓದದೆ ಬರೆದ ಅಭಿಪ್ರಾಯ ಒಂದೂ ಇಲ್ಲ. ಒಂದೇ ಪ್ರತಿ ಇದ್ದದ್ದರಿಂದ, ಅದು ಇನ್ನೊಬ್ಬರಿಂದ ಬಂದು ಇನ್ನೊಬ್ಬರಿಗೆ ಹೋಗಬೇಕಾದ್ದರಿಂದ, ಕೈಗೆ ಬಂದಾಗ ಓದುತ್ತಿದ್ದರು.

ಇಷ್ಟು ಹೇಳಿ ಮುಗಿಸಿದರೆ ಆ ಮಾಳಿಗೆ ಬಹಳ ಸುಂದರವಾಗಿ ಕಾಣುತ್ತದೆ. ಅಲ್ಲಿ ನಡೆದ ಬೇರೆ ಸಂಗತಿಗಳೂ ಇವೆ, ಅವನ್ನು ಬಿಟ್ಟರೆ ಈ ನೆನಪು ಸುಳ್ಳಾಗುತ್ತದೆ.

ಅಕ್ಕೋರು ತಮ್ಮ ಕಥೆ ಓದಿದಾಗ ಗಂಡಸರ ಮಾತು ಕಥೆಯ ಮೇಲೆ ನಿಲ್ಲುತ್ತಿರಲಿಲ್ಲ. ‘ಇದು ನಿಮ್ಮ ಮನೀ ಸಂಗತೀನೇನ್ರಿ ಅಕ್ಕೋರ?’ ಎಂದು ಕೇಳುತ್ತಿದ್ದರು. ಕಥೆಯ ಹೆಂಗಸು ಗಂಡನಿಗೆ ಎದುರು ಮಾತಾಡಿದರೆ ‘ಸ್ವಲ್ಪ ಅತಿ ಆತು’ ಎನ್ನುತ್ತಿದ್ದರು. ಇದೇ ಜನ ನನ್ನ ಕಥೆಯ ಗಂಡಸು ಹೆಂಡತಿಗೆ ಹೊಡೆದಾಗ ಅತಿಯಾಯಿತೆಂದು ಅಂದಿರಲಿಲ್ಲ. ಅಕ್ಕೋರು ಜಗಳ ಮಾಡಲಿಲ್ಲ. ಮುಂದಿನ ಸಲ ಕಥೆ ತಂದು ಕಂಡಕ್ಟರ್ ಕೈಗೆ ಕೊಟ್ಟು, ‘ಇದನ್ನ ನೀವ ಓದ್ರಿ, ಯಾರದಂತ ಹೇಳಬ್ಯಾಡ್ರಿ’ ಅಂದರು. ಅವರು ಊರುಗಳ ಹೆಸರು ಕೂಗಿ ಕೂಗಿ ಪಳಗಿದ ದನಿಯಲ್ಲಿ ಓದಿದರು. ಯಾರ ಕಥೆಯೆಂದು ಗೊತ್ತಿಲ್ಲದೆ ಹೋದದ್ದರಿಂದ ಚರ್ಚೆ ಪೂರ್ತಿ ಕಥೆಯ ಮೇಲೆಯೇ ನಡೆಯಿತು. ಅಂದಿನಿಂದ ಎಲ್ಲರ ಬರಹವನ್ನೂ ಬೇರೆಯವರು ಓದುವುದು ರೂಢಿಯಾಯಿತು. ಅದರ ಇನ್ನೊಂದು ಲಾಭ ಆಮೇಲೆ ಗೊತ್ತಾಯಿತು. ನಾವೇ ಓದುವಾಗ ಕುಂಟು ವಾಕ್ಯವನ್ನೂ ದನಿಯಿಂದ ಎತ್ತಿ ದಾಟಿಸುತ್ತೇವೆ. ಬೇರೆಯವರು ಓದುವಾಗ ಅವರು ಎಡವಿದ ಜಾಗದಲ್ಲಿ ನಮ್ಮ ವಾಕ್ಯ ಬಿದ್ದಿರುತ್ತದೆ.

ಟೀಕೆಯನ್ನು ಹೇಗೆ ತೆಗೆದುಕೊಳ್ಳಬೇಕೆಂದು ನಾನು ಕಲಿತದ್ದೂ ಅಕ್ಕೋರಿಂದಲೇ. ಎಲ್ಲರ ಮಾತನ್ನೂ ಅವರು ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಯಾವತ್ತೂ ಒಬ್ಬರನ್ನೊಬ್ಬರು ಒಪ್ಪದ ಇಬ್ಬರು ಒಂದೇ ಜಾಗಕ್ಕೆ ಬೊಟ್ಟು ಮಾಡಿದರೆ ಆ ಜಾಗವನ್ನು ಮತ್ತೆ ಬರೆಯುತ್ತಿದ್ದರು. ಆದರೆ ಅವರು ಹೇಳಿದ ಹಾಗಲ್ಲ. ‘ಎಲ್ಲಿ ಕೆಟ್ಟೈತಿ ಅನ್ನೋದು ಅವರಿಗೆ ಗೊತ್ತಾಗತೈತಿ, ಹೆಂಗ ಸರಿ ಮಾಡಬೇಕು ಅನ್ನೋದು ನನಗ ಗೊತ್ತಿರಬೇಕು’ ಎನ್ನುತ್ತಿದ್ದರು. ಅವರ ಒಂದೇ ಒಂದು ಕಥಾಸಂಕಲನ ಬಹಳ ವರ್ಷಗಳ ಮೇಲೆ ಬಂತು. ಊರಿನ ಆಚೆ ಹೆಚ್ಚು ಜನ ಓದಲಿಲ್ಲ. ಆ ಮಾಳಿಗೆಯಲ್ಲಿ ನಮ್ಮೆಲ್ಲರಿಗಿಂತ ಒಳ್ಳೆಯ ಕಥೆಗಾರರು ಅವರೇ ಆಗಿದ್ದರು ಎಂಬುದು ನನ್ನ ಮತ, ಅದನ್ನು ಅಳೆದು ತೂಗಿಯೇ ಹೇಳುತ್ತಿದ್ದೇನೆ.

ಹಾಸ್ಟೆಲ್ ಹುಡುಗನ ವಿಷಯದಲ್ಲಿ ಇಂಥ ಉಪಾಯ ಯಾರಿಗೂ ಹೊಳೆಯಲಿಲ್ಲ.

ಅವನ ಊರು ಹತ್ತಿರದ ಒಂದು ಹಳ್ಳಿ, ಮನೆ ಊರ ಹೊರಗಿನ ಕೇರಿಯದು. ಅವನ ಅವ್ವ ಮೆಣಸಿನಕಾಯಿ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ದಿನವಿಡೀ ಕಾಯಿ ಬಿಡಿಸಿ ಬಂದು, ಉರಿಯುವ ಕೈಯಿಂದ ಮಗುವನ್ನು ಮುಟ್ಟಲಾರದೆ, ತೊಡೆಯ ಮೇಲೆ ಹಾಕಿಕೊಂಡು ಕೈ ಮೇಲೆತ್ತಿ ಕೂಡುವ ತಾಯಿಯ ಮೇಲೆ ಅವನೊಂದು ಕವಿತೆ ಬರೆದು ತಂದ. ತನ್ನ ಕೇರಿಯ ಮಾತಿನಲ್ಲೇ ಬರೆದಿದ್ದ. ಓದಿ ಮುಗಿದಾಗ ಕಂಡಕ್ಟರ್ ‘ನಾ ಎಲ್ಲೂ ಇಳೀಲಿಲ್ಲ’ ಅಂದರು. ಅದು ನಮ್ಮಲ್ಲಿ ಸಿಗಬಹುದಾದ ಎಲ್ಲಕ್ಕಿಂತ ದೊಡ್ಡ ಮೆಚ್ಚುಗೆ. ಮಾಸ್ತರರು ಮಾತ್ರ ಹಾಳೆ ಇಸಿದುಕೊಂಡು ಮನೆಗೆ ಒಯ್ದರು.

ಮಾಸ್ತರರು ಕೆಟ್ಟವರಲ್ಲ. ಇದನ್ನು ಒತ್ತಿ ಹೇಳಬೇಕು. ಪ್ರತಿಯೊಬ್ಬರ ಹಸ್ತಪ್ರತಿಯನ್ನೂ ಅವರು ಎರಡು ಸಲ ಓದುತ್ತಿದ್ದರು. ಕೆಂಪು ಮಸಿಯಲ್ಲಿ ತಿದ್ದಿ, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಕಾರಣ ಬರೆಯುತ್ತಿದ್ದರು. ಒಮ್ಮೆ ಜಡಿಮಳೆಯಲ್ಲಿ ಕೊಡೆ ಹಿಡಿದು ನನ್ನ ಕೋಣೆಗೆ ನಡೆದು ಬಂದು, ತೊಯ್ಯದ ಹಸ್ತಪ್ರತಿಯನ್ನು ಪಂಜೆಯ ಒಳಮಡಿಕೆಯಿಂದ ತೆಗೆದು ಕೊಟ್ಟಿದ್ದರು. ಬೇಡದ ವಿಶೇಷಣವನ್ನು ಹೊಡೆದು ಹಾಕುವುದನ್ನು ನನಗೆ ಕಲಿಸಿದವರು ಅವರು. ಆದರೆ ಅವರ ಕೈಯಲ್ಲಿ ಇದ್ದದ್ದು ಒಂದೇ ಕನ್ನಡ, ಅವರು ಓದಿ ಕಲಿಸಿದ ಪಠ್ಯಪುಸ್ತಕದ ಕನ್ನಡ. ಹುಡುಗನ ಕವಿತೆ ಮರಳಿ ಬಂದಾಗ ಅವ್ವ ಜನನಿಯಾಗಿದ್ದಳು, ಉರಿಯುವ ಕೈಗಳು ದಹಿಸುವ ಕರಗಳಾಗಿದ್ದವು. ಅಂಚಿನಲ್ಲಿ ‘ಭಾವ ಉತ್ತಮ, ಭಾಷೆ ಸಂಸ್ಕಾರ ಬೇಡುತ್ತದೆ’ ಎಂದು ಬರೆದಿದ್ದರು. ಮುಂದಿನ ವಾರ ಹುಡುಗ ತಿದ್ದಿದ ಕವಿತೆಯನ್ನೇ ಪಾಠ ಒಪ್ಪಿಸುವ ಹಾಗೆ ಓದಿದ. ಮಾಸ್ತರರು ಸಂತೋಷಪಟ್ಟು ಬೆನ್ನು ತಟ್ಟಿದರು. ಅವನು ಇನ್ನೂ ಕೆಲವು ರವಿವಾರ ಬಂದ, ಆಮೇಲೆ ಬರುವುದನ್ನು ಬಿಟ್ಟ.

ಅದೇ ಮಾಳಿಗೆಯಲ್ಲಿ ಬೇಂದ್ರೆಯವರ ಧಾರವಾಡ ಮಾತಿನ ಕವಿತೆಗಳಿಗೆ ನಾವು ತಲೆದೂಗುತ್ತಿದ್ದೆವು. ರಾವಬಹಾದ್ದೂರರ ‘ಗ್ರಾಮಾಯಣ’ 1957ರಷ್ಟು ಹಿಂದೆಯೇ ನಮ್ಮ ಹಳ್ಳಿಗಳ ಮಾತನ್ನು ಕಾದಂಬರಿಗೆ ತಂದಿತ್ತು, ಅದರ ಪ್ರತಿ ಆ ಟ್ರಂಕುಗಳಲ್ಲೇ ಇತ್ತು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದಾಗಿತ್ತು. ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿ ಕೆಲವು ವರ್ಷಗಳಾಗಿದ್ದವು. 1984ರಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದು ನಂಜನಗೂಡಿನ ಕಡೆಯ ಮಾತಿಗೆ ಎಂಥ ಶಕ್ತಿ ಇದೆಯೆಂದು ನಾಡಿಗೇ ತೋರಿಸಿತು. ಇಷ್ಟೆಲ್ಲ ಸುತ್ತಲೂ ನಡೆದಿತ್ತು. ಮಾಳಿಗೆಯ ಒಳಗೆ ಒಬ್ಬ ಹುಡುಗನ ಅವ್ವ ಅವ್ವನಾಗಿ ಉಳಿಯಲು ಜಾಗ ಸಿಗಲಿಲ್ಲ.

ನನಗೆ ಇನ್ನೂ ನೋವಾಗುವುದು ಮತ್ತೊಂದು ಕಾರಣಕ್ಕೆ. ಮಾಸ್ತರರಿಗೆ ‘ಕವಿರಾಜಮಾರ್ಗ’ ಬಾಯಿಪಾಠವಿತ್ತು. ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥ, ಒಂಬತ್ತನೆಯ ಶತಮಾನದ್ದು. ಅದರ ಮೊದಲ ಪರಿಚ್ಛೇದವೇ ಕಾವ್ಯದ ದೋಷ ಯಾವುದು, ದೋಷವಲ್ಲದ್ದು ಯಾವುದು ಎಂಬ ವಿಚಾರ. ಬರೆದದ್ದನ್ನು ತಿದ್ದುವುದು ಹೇಗೆ ಎಂಬುದರಿಂದಲೇ ನಮ್ಮ ಸಾಹಿತ್ಯದ ದಾಖಲೆ ಶುರುವಾಗುತ್ತದೆ ಎಂದು ಮಾಸ್ತರರು ಹೆಮ್ಮೆಯಿಂದ ಹೇಳುತ್ತಿದ್ದರು. ಅದೇ ಗ್ರಂಥದಲ್ಲಿ ಶ್ರೀವಿಜಯ ಇನ್ನೊಂದು ಮಾತು ಹೇಳಿದ್ದಾನೆ. ಕನ್ನಡಗಳಲ್ಲಿ ದೋಷ ಇಷ್ಟೇ ಎಂದು ನಿಶ್ಚಯಿಸಲು ಹೊರಟರೆ ವಾಸುಕಿಯೂ ಅರಿಯಲಾರದೆ ಬೇಸರಪಟ್ಟಾನು, ಏಕೆಂದರೆ ದೇಸಿಗಳು ಬೇರೆ ಬೇರೆ. ಕನ್ನಡಗಳು ಎಂದು ಬಹುವಚನದಲ್ಲೇ ಹೇಳಿದ್ದಾನೆ. ಈ ಪದ್ಯವನ್ನು ಮಾಸ್ತರರೇ ನಮಗೆ ಬಿಡಿಸಿ ಅರ್ಥ ಹೇಳಿದ್ದರು. ಹುಡುಗನ ಹಾಳೆ ಎದುರಿಗಿದ್ದಾಗ ಅದು ಅವರ ನೆನಪಿಗೆ ಬರಲಿಲ್ಲ.

ಬಹಳ ವರ್ಷಗಳ ಮೇಲೆ ಒಂದು ಲಗ್ನದಲ್ಲಿ ಆ ಹುಡುಗ ಸಿಕ್ಕ. ಕಂದಾಯ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತಿಯ ಹತ್ತಿರ ಬಂದಿದ್ದ. ನಾನೇ ಕವಿತೆಯ ಮಾತು ತೆಗೆದೆ. ‘ಬರಿಯೋದು ಅಲ್ಲಿಗೇ ನಿಂತ್ರಿ’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ಮಾಸ್ತರ ಬಗ್ಗೆ ನನಗ ಸಿಟ್ಟಿಲ್ಲ. ನಮ್ಮಂಥಾವರಿಗೆ ಅಷ್ಟು ಟೈಮ್ ಕೊಟ್ಟವರು ಆವಾಗ ಯಾರಿದ್ರು? ಆದ್ರ ಅವರು ತಿದ್ದಿಕೊಟ್ಟ ಮ್ಯಾಲ ಆ ಹಾಳ್ಯಾಗ ನಮ್ಮವ್ವನ ಗುರ್ತ ನನಗ ಸಿಗಲಿಲ್ಲ’ ಅಂದ. ಮೂಲ ಕವಿತೆ ಇದೆಯೇ ಎಂದು ಕೇಳಿದೆ. ಇಲ್ಲ ಎಂದ. ಕೆಂಪು ಮಸಿಯ ಹಾಳೆಯೊಂದೇ ಇತ್ತಂತೆ, ಅದೂ ಮನೆ ಬದಲಿಸುವಾಗ ಕಳೆದುಹೋಗಿತ್ತು.

ಪ್ರೀತಿಯಿಂದ ತಿದ್ದಿದರೂ ಹಾನಿಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಕಂಡಕ್ಟರ್, ಅಕ್ಕೋರು, ದಿವಾನಜಿ ಮೂವರೂ ಬರೆದವನ ಬರಹವನ್ನು ಬರೆದವನಿಗೇ ಬಿಟ್ಟರು. ಒಬ್ಬರು ತಾವು ಇಳಿದ ಜಾಗ ಹೇಳಿದರು, ಒಬ್ಬರು ಪ್ರಶ್ನೆ ಕೇಳಿದರು, ಒಬ್ಬರು ಹತ್ತಿಯ ತಿಂಗಳು ಹೇಳಿದರು. ಪೆನ್ನನ್ನು ಕೈಯಿಂದ ಇಸಿದುಕೊಂಡವರು ಮಾಸ್ತರರು ಮಾತ್ರ. ನಮ್ಮೆಲ್ಲರಿಗಿಂತ ಹೆಚ್ಚು ಓದಿದವರು, ನಮ್ಮೆಲ್ಲರಿಗಿಂತ ಹೆಚ್ಚು ಶ್ರಮಪಟ್ಟವರೂ ಅವರೇ. ಅವರಿಗೆ ನನ್ನ ಋಣ ದೊಡ್ಡದು. ಆ ಹುಡುಗನ ವಿಷಯದಲ್ಲಿ ಅವರು ಮಾಡಿದ್ದು ಅನ್ಯಾಯ. ಈ ಎರಡನ್ನೂ ಒಟ್ಟಿಗೆ ಹೇಳಲು ನನಗೆ ಸಂಕೋಚವಿಲ್ಲ.

ಮಾಳಿಗೆಯ ಕೂಟ ಯಾವಾಗ ನಿಂತಿತೆಂದು ಹೇಳಲಾರೆ. ನನಗೆ ಬೇರೆ ಊರಿಗೆ ವರ್ಗವಾಯಿತು, ಮಾಸ್ತರರ ಕಣ್ಣು ಮಂದವಾದವು, ಕಂಡಕ್ಟರ್ ಬೇರೆ ಡಿಪೋಕ್ಕೆ ಹೋದರು. ಈಗ ಆ ಊರಿನಲ್ಲಿ ಬರೆಯುವವರು ಆಗಿನದಕ್ಕಿಂತ ಹೆಚ್ಚಾಗಿದ್ದಾರೆ, ಅದು ನಿಜಕ್ಕೂ ಸಂತೋಷದ ಸಂಗತಿ. ಹೆಣ್ಣುಮಕ್ಕಳು ಬರೆಯುತ್ತಿದ್ದಾರೆ. ತಮ್ಮ ತಮ್ಮ ಕೇರಿಯ ಮಾತಿನಲ್ಲಿ ಬರೆಯುತ್ತಿದ್ದಾರೆ, ಅದನ್ನು ಜನನಿ ಮಾಡುವ ಧೈರ್ಯ ಈಗ ಯಾರಿಗೂ ಇಲ್ಲ. ಪುಸ್ತಕ ಮಾಡುವುದೂ ಕಷ್ಟವಲ್ಲ. ಡಿಟಿಪಿ ಮಾಡಿಸಿ ನೂರು ಪ್ರತಿ ಹಾಕಿಸಿದರೆ ಆಯಿತು.

ಆದರೆ ಬರಹ ಬರೆದವರ ಕೈಯಿಂದ ನೇರ ಅಚ್ಚಿಗೆ ಹೋಗುತ್ತಿದೆ. ನಡುವೆ ಒಬ್ಬರೂ ಕೇಳಿಸಿಕೊಳ್ಳುವುದಿಲ್ಲ. ವಾಟ್ಸಾಪಿನಲ್ಲಿ ಕವಿತೆ ಹಾಕಿದರೆ ಓದುವಷ್ಟು ಹೊತ್ತು ಕಳೆಯುವ ಮೊದಲೇ ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬರುತ್ತವೆ. ನನ್ನಂಥ ವಯಸ್ಸಾದವರ ಬಳಿಗೆ ಹಸ್ತಪ್ರತಿ ಬರುವುದು ಮುನ್ನುಡಿಗಾಗಿ. ಜೊತೆಗೆ ಬಿಡುಗಡೆಯ ತಾರೀಖೂ ನಿಶ್ಚಯವಾಗಿರುತ್ತದೆ. ಎರಡು ವಾರದಲ್ಲಿ ಮುನ್ನುಡಿ ಬೇಕು, ಮುಖಪುಟ ಆಗಿದೆ, ಸಭಾಂಗಣ ಹಿಡಿದಾಗಿದೆ. ಆ ಹಂತದಲ್ಲಿ ಮೂರನೆಯ ಪುಟದಲ್ಲಿ ಇಳಿದೆ ಎಂದು ಹೇಳಿ ಏನು ಉಪಯೋಗ? ಹಿರಿಯರು ಗುಣಗಳನ್ನು ಹುಡುಕಿ ಬರೆಯುತ್ತಾರೆ, ಕೊನೆಗೆ ಶುಭ ಹಾರೈಸುತ್ತಾರೆ. ಬರೆದವರಿಗೆ ತಾವು ಬರೆದದ್ದು ಹೇಗಿದೆ ಎಂಬುದು ಕೊನೆಯವರೆಗೂ ತಿಳಿಯುವುದೇ ಇಲ್ಲ. ವಿಷಾದದ ಚೀಟಿಯಲ್ಲಿ ಕಾರಣ ಇಲ್ಲದಿದ್ದ ಹಾಗೆಯೇ ಈ ಹೊಗಳಿಕೆಯಲ್ಲೂ ಕಾರಣ ಇಲ್ಲ. ಎಷ್ಟೋ ಒಳ್ಳೆಯ ಕಥೆಗಳು ಹೀಗೆ ಅರ್ಧ ಬೆಂದು ಕಪಾಟು ಸೇರಿವೆ. ಇದು ನನಗೆ ಸಹಿಸಲಾಗದ ಸಂಗತಿ.

ಆದ್ದರಿಂದ ಮುನ್ನುಡಿ ಬರೆಯುವ ಹಿರಿಯರಲ್ಲಿ, ಕಮ್ಮಟ ನಡೆಸುವವರಲ್ಲಿ ನನ್ನದೊಂದು ಬೇಡಿಕೆ. ಹಸ್ತಪ್ರತಿ ತಂದವರಿಂದ ಮೊದಲು ಬಿಡುಗಡೆಯ ತಾರೀಖನ್ನು ಮುಂದಕ್ಕೆ ಹಾಕಿಸಿ. ನೀವು ಇಳಿದ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಒಂದು ಗೆರೆ ಹಾಕಿ, ಅವರ ಮಾತನ್ನು ಮುಟ್ಟಬೇಡಿ. ಗೆರೆ ಹಾಕಿದ ಪ್ರತಿಯನ್ನು ಮರಳಿ ಕೊಟ್ಟು, ತಿದ್ದಿ ತಂದ ಮೇಲೆ ಇನ್ನೊಮ್ಮೆ ಓದುತ್ತೇನೆಂದು ಮಾತು ಕೊಡಿ, ಆ ಮಾತನ್ನು ಉಳಿಸಿಕೊಳ್ಳಿ. ಮುನ್ನುಡಿ ಆಮೇಲೆ ಬರೆದರಾಯಿತು.